ಕಾಲು ಗಂಟೆಯ ಪಟ್ಟಿ

ನನ್ನ ತಮ್ಮನಿಗೆ ಬಾಯಿಗಿಂತ ಕೈ ಮುಂದು. ಅದನ್ನು ನಾನು ಮುಚ್ಚಿಡುವವಳಲ್ಲ. ಹಿಂದೊಮ್ಮೆ ರೋಗಿಯೊಬ್ಬನ ಕೆನ್ನೆಗೆ ಬಾರಿಸಿ ವಾರಗಟ್ಟಲೆ ಮನೆಯಲ್ಲಿ ಕೂತವನು. ಆದರೆ ಆ ಬುಧವಾರ ಅವನು ಹೊಡೆದದ್ದು ಜೀವ ಉಳಿಸಿಕೊಳ್ಳಲಿಕ್ಕೆ.

ನಮ್ಮದು ಮನೋರೋಗಿಗಳ ಆಸ್ಪತ್ರೆ. ನಾನು ಹೆಡ್ ನರ್ಸ್, ಅವನು ನನ್ನದೇ ವಾರ್ಡಿನ ಅಟೆಂಡರ್. ಮಾನ್ಯತೆಯ ತಪಾಸಣೆಗೆ ನಮ್ಮನ್ನು ಸಜ್ಜು ಮಾಡಲೆಂದು ಆಡಳಿತದವರು ಒಬ್ಬ ಸಲಹೆಗಾರನನ್ನು ಕರೆತಂದಿದ್ದರು. ಬಿರುಕು ಕಂಡಲ್ಲೆಲ್ಲ ಬಣ್ಣ ಬಳಿಸುತ್ತಿದ್ದ ಅವನಿಗೆ ನಾವು ಇಟ್ಟ ಹೆಸರು ಸುಣ್ಣದಪ್ಪ. ‘ರೋಗಿಗಳ ಹಕ್ಕುಗಳು’ ಎಂಬ ದೊಡ್ಡ ಫಲಕಕ್ಕೆ ಗಾಜಿನ ಚೌಕಟ್ಟು ಹಾಕಿಸಿ ವಾರ್ಡಿಗೆ ತಂದವನೂ ಅವನೇ.

“ಸಾರ್, ವಾರ್ಡಲ್ಲಿ ಗಾಜು ಬೇಡ,” ಎಂದು ಬಡಕೊಂಡೆ.

“ಪ್ಲಾಸ್ಟಿಕ್ ಹಾಕಿದ್ರೆ ಹೋಟೆಲ್ ಬೋರ್ಡ್ ಥರ ಕಾಣುತ್ತೆ ಸಿಸ್ಟರ್. ನೋಡೋಕೆ ಚೆನ್ನಾಗಿರ್ಬೇಕು,” ಎಂದ.

ಮಂಗಳವಾರ ಅದು ಮೊಳೆ ಸಮೇತ ಕಿತ್ತುಬಂದು ಒಡೆಯಿತು. ಗುಡಿಸಿದೆವು. ಬೆರಳುದ್ದದ ಒಂದು ಚೂರು ಲೆಕ್ಕಕ್ಕೆ ಸಿಗಲಿಲ್ಲ. ತಪಾಸಣೆಯ ಗಡಿಬಿಡಿಯಲ್ಲಿ ಯಾರು ಹುಡುಕುತ್ತಾರೆ?

ಇನ್ನು ಪಟ್ಟಿಯ ವಿಷಯ. ಯಾರನ್ನಾದರೂ ಒಂಟಿ ಕೋಣೆಗೆ ಹಾಕಿ ಬೀಗ ಜಡಿದರೆ, ಕಾಲು ಗಂಟೆಗೊಮ್ಮೆ ಕಿಂಡಿಯಲ್ಲಿ ನೋಡಿ, ಕಂಡದ್ದನ್ನು ಬರೆದು ಸಹಿ ಹಾಕಬೇಕು. ನಿಯಮ ಅದು. ನಮ್ಮ ವಾಡಿಕೆ ಬೇರೆ. ಬೆಳಿಗ್ಗೆ ಎಂಟಕ್ಕೆ ಬಂದವಳು ಚಹಾ ಆರುವಷ್ಟರಲ್ಲಿ ಮಧ್ಯಾಹ್ನ ಎರಡರವರೆಗಿನ ಪಟ್ಟಿ ತುಂಬಿ ಮುಗಿಸುತ್ತಿದ್ದೆ. ‘ಮಲಗಿದ್ದಾರೆ. ಶಾಂತ.’ ನಲವತ್ತು ರೋಗಿಗಳಿಗೆ ಮೂವರು ನರ್ಸುಗಳು. ಕಿಂಡಿ ಮುಂದೆ ಕಾವಲು ನಿಂತರೆ ಮಾತ್ರೆ ಕೊಡುವವರು ಯಾರು? ಹೀಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹನ್ನೊಂದು ವರ್ಷವಾಗಿತ್ತು.

ಎರಡು ತಿಂಗಳ ಹಿಂದೆ ಅದೇ ಒಂಟಿ ಕೋಣೆಯಲ್ಲಿ ರೋಗಿಯಾಗಿದ್ದ ದರ್ಜಿಯೊಬ್ಬನ ಮಗಳು ಸತ್ತಳು. ಹತ್ತೊಂಬತ್ತು ವರ್ಷ. ಹತ್ತೂವರೆಗೆ ಬಾಗಿಲು ತೆಗೆದರೆ ಮೈ ತಣ್ಣಗಾಗಿತ್ತು. ಪಟ್ಟಿಯಲ್ಲಿ ಸಾಲು ಸಾಲಾಗಿ ‘ಮಲಗಿದ್ದಾರೆ’ ಎಂದಿತ್ತು. ನಿದ್ದೆಯಲ್ಲೇ ಹೋದಳು ಎಂದು ಬರೆದು ವಿಚಾರಣೆ ಮುಗಿಸಿದರು. ಅವಳನ್ನು ಎತ್ತಿಕೊಂಡು ಹೋದವನು ನನ್ನ ತಮ್ಮ.

“ಅಕ್ಕಾ, ಒದ್ದಾಡ್ಲಿಲ್ಲ ಅಲ್ವಾ?” ಎಂದು ಕೇಳಿದ್ದ.

“ಇಲ್ಲ ಕಣೋ. ಮಲಗೇ ಇದ್ಲು,” ಎಂದಿದ್ದೆ.

ಬುಧವಾರ ಒಂಟಿ ಕೋಣೆಯಲ್ಲಿದ್ದ ರೋಗಿ ಒಬ್ಬ ಡ್ರೈವರ್. ಆರೂವರೆ ಅಡಿ ಆಳು. ಕಾಯಿಲೆ ಕೆರಳದಿದ್ದರೆ ಇರುವೆಗೂ ದಾರಿ ಬಿಡುವವನು. ತಪಾಸಕಿ ಬರುವುದು ಹನ್ನೊಂದಕ್ಕೆ. “ಹತ್ತೂಮುಕ್ಕಾಲರ ತನಕ ಮಾತ್ರ ತುಂಬಿಸಿ ಸಿಸ್ಟರ್, ಮುಂದಿಂದು ಬರೆದು ಸಿಕ್ಕಿಹಾಕ್ಕೋಬೇಡಿ,” ಎಂದು ಸುಣ್ಣದಪ್ಪ ಎಚ್ಚರಿಸಿದ್ದ. ಹಾಗೇ ಮಾಡಿದೆ.

ಹತ್ತು ಗಂಟೆಯಿಂದ ಡ್ರೈವರ್ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದನಂತೆ. ನಾನು ಆಫೀಸಿನಲ್ಲಿ ಫೈಲುಗಳಿಗೆ ಲೇಬಲ್ ಅಂಟಿಸುತ್ತಿದ್ದೆ. ಜೊತೆಗೆ ಯಾರೂ ಸಿಗದೆ ತಮ್ಮನೊಬ್ಬನೇ ಒಳಗೆ ಹೋದ.

ಕಿರುಚಾಟ ಕೇಳಿ ಓಡಿದೆ. ಡ್ರೈವರ್ ತಮ್ಮನ ಎದೆಯ ಮೇಲೆ ಕೂತಿದ್ದ. ಕಳೆದುಹೋದ ಗಾಜು ತಮ್ಮನ ಭುಜದಲ್ಲಿ ನೆಟ್ಟಿತ್ತು. ಅದನ್ನು ಕಿತ್ತು ಈ ಸಲ ಕುತ್ತಿಗೆಗೆ ಎತ್ತಿದ. ತಮ್ಮ ಆ ಕೈಯನ್ನು ಹಿಡಿದು ನೆಲಕ್ಕೆ ಬಡಿದ. ಗಾಜು ಇಬ್ಬರ ಅಂಗೈಯನ್ನೂ ಸೀಳಿತು. ಆಮೇಲೆ ಮುಷ್ಟಿಯಲ್ಲಿ ಗುದ್ದಿದ. ಒಂದಕ್ಕೆ ಮೂಗು ಒಡೆಯಿತು. ಎರಡಕ್ಕೆ ಹಲ್ಲು ಉದುರಿತು. ಮೂರಕ್ಕೆ ದವಡೆ ಮುರಿದ ಸದ್ದು ನನಗೆ ಬಾಗಿಲಲ್ಲೇ ಕೇಳಿಸಿತು. ಡ್ರೈವರ್ ಉರುಳಿದ ಮೇಲೂ ಇನ್ನೊಂದು ಗುದ್ದಿದ. ಅದು ಬೇಕಿತ್ತೇ? ನನಗೆ ಗೊತ್ತಿಲ್ಲ. ತಮ್ಮನ ಕಣ್ಣಲ್ಲಿ ಕೋಪ ಇರಲಿಲ್ಲ, ಬರೀ ಭಯವಿತ್ತು.

ಹನ್ನೊಂದಕ್ಕೆ ಸರಿಯಾಗಿ ತಪಾಸಕಿ ಬಂದರು. ನೆಲದ ರಕ್ತ ಇನ್ನೂ ಆರಿರಲಿಲ್ಲ. ನರೆತ ಕೂದಲಿನ, ದನಿ ಏರಿಸದ ಹೆಂಗಸು. ಡ್ರೈವರನ್ನು ಸ್ಟ್ರೆಚರಿನಲ್ಲಿ ಸಾಗಿಸುವುದನ್ನು ನೋಡಿದರು. ಹೊರಗೆ ಕಾಯುತ್ತಿದ್ದ ಅವನ ಹೆಂಡತಿ ಓಡಿ ಬಂದು, “ಯಾವ ಪಾಪಿ ಹೀಗ್ ಮಾಡ್ದ? ಅವನ ಕೈ ಸೇದಿಹೋಗ!” ಎಂದು ಎದೆ ಬಡಿದುಕೊಂಡಳು. ತಪಾಸಕಿ ಪಟ್ಟಿ ಕೇಳಿದರು. ಕೊಟ್ಟೆ.

“ಹತ್ತೂಕಾಲು, ಮಲಗಿದ್ದಾರೆ. ಹತ್ತೂವರೆ, ಮಲಗಿದ್ದಾರೆ. ಹತ್ತೂಮುಕ್ಕಾಲು, ಮಲಗಿದ್ದಾರೆ.” ತಮ್ಮನತ್ತ ತಿರುಗಿದರು. “ಹತ್ತು ಐವತ್ತಕ್ಕೆ ಒಳಗೆ ಹೋದೆ ಅಂತೀರಿ. ಮಲಗಿದ್ದೋನಿಗೆ ಹೊಡೆದ್ರಾ?”

“ಮಲಗಿರ್ಲಿಲ್ಲ ಮೇಡಂ. ತಲೆ ಚಚ್ಕೋತಿದ್ದ, ಅದಕ್ಕೇ ಹೋದೆ. ಅಕ್ಕಾ, ಹೇಳು!”

“ಚುಚ್ಚೋಕೆ ಬಂದಿದ್ದ ಮೇಡಂ, ನಾನೇ ಕಣ್ಣಾರೆ ಕಂಡೆ,” ಎಂದೆ.

“ನೀವು ಇವರ ಅಕ್ಕ. ಎಚ್ಚರವಾದವನು ತಡೆಯೋಕೆ ಗಾಜು ಎತ್ತಿರಬಹುದು. ನಿಮ್ಮ ಮಾತು ನಂಬಲೋ, ನಿಮ್ಮ ಸಹಿ ನಂಬಲೋ?”

ಪೊಲೀಸರು ಬಂದರು. ಬೇಡಿ ತೊಡಿಸಲು ತಮ್ಮನ ಕಟ್ಟು ಹಾಕಿದ ಕೈಯನ್ನೇ ಚಾಚಿಸಿದರು. ಸುಣ್ಣದಪ್ಪ ನನ್ನನ್ನು ಮೂಲೆಗೆ ಎಳೆದ.

“ಸುಮ್ನಿರಿ ಸಿಸ್ಟರ್. ಮೊದಲೇ ಕೈ ಮಾಡೋ ಮನುಷ್ಯ ಅಂತ ದಾಖಲೆ ಇದೆ, ಅವನ ಮೇಲೆ ಹೋಗ್ಲಿ. ಈ ಪಟ್ಟಿ ಸುಳ್ಳು ಅಂದ್ರೆ ಆ ಹುಡುಗಿ ಪಟ್ಟಿನೂ ಸುಳ್ಳಾಗುತ್ತೆ. ಗೊತ್ತಲ್ಲ?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಬಿಸಿ ಮಾಡಿದವಳು ನಾನೇ. ಸುಣ್ಣದಪ್ಪನ ಎದೆಗೆ ಎರಡೂ ಕೈ ಕೊಟ್ಟು ನೂಕಿದೆ; ಅವನು ಫೈಲುಗಳ ಮೇಲೆ ಬಿದ್ದ.

“ಮೇಡಂ, ಆ ಪಟ್ಟಿ ಸುಳ್ಳು. ಬೆಳಿಗ್ಗೆ ಎಂಟಕ್ಕೇ ಕೂತು ಬರೆದಿದ್ದು. ನಾನು ಕಿಂಡಿ ಹತ್ರ ಹೋಗೇ ಇಲ್ಲ.”

ಪೊಲೀಸಿನವನು ನಿಂತ. ತಪಾಸಕಿ ಫೈಲಿನ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿದರು. ಎಲ್ಲಿ ನಿಲ್ಲುತ್ತಾರೆಂದು ನನಗೆ ಗೊತ್ತಿತ್ತು.

“ಈ ಹುಡುಗಿದು? ಇದೂ ನಿಮ್ಮ ಕೈಬರಹನೇ. ಎಂಟರಿಂದ ಹತ್ತೂವರೆ ತನಕ ಇವಳು ನಿಜವಾಗಿ ಏನು ಮಾಡ್ತಿದ್ಲು?”

ತಮ್ಮ ಬಾಗಿಲಿನಿಂದ ನನ್ನತ್ತ ತಿರುಗಿದ. ಅಂಗೈಯ ಕಟ್ಟಿನಿಂದ ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

“ಗೊತ್ತಿಲ್ಲ ಮೇಡಂ,” ಎಂದೆ. “ನಾನು ನೋಡ್ಲೇ ಇಲ್ಲ.”