ಮೈಬಿಸಿ

"ಅವರದ್ದಲ್ಲ ಸರ್," ಫೋನಿನಾಚೆಯ ಹೆಂಗಸು ಎರಡನೇ ಸಲ ಹೇಳಿದಳು.

"ಅಂದ್ರೆ?"

"ಎರಡು ಸ್ಯಾಂಪಲ್ ಕಳಿಸಿದ್ರಲ್ಲ. ಒಂದು ಪೇಷಂಟಿಂದ ಆಗ ತೆಗೆದಿಟ್ಟಿದ್ದ ರಕ್ತ, ಇನ್ನೊಂದು ಅವರ ಗಡ್ಡೆಯಿಂದ ಬೆಳೆಸಿದ ಕೋಶಗಳು ಅಂತ. ಆ ಕೋಶಗಳು ಅವರದ್ದಲ್ಲ. ಬೇರೆ ಯಾರದ್ದೋ."

"ಇನ್ನೊಂದು ಸಲ ನೋಡಿದ್ರಾ?"

"ನೋಡದೆ ಫೋನ್ ಮಾಡ್ತೀನಾ ಸರ್? ನಿಮ್ಮ ಲ್ಯಾಬಲ್ಲಿ ಆ ಹಳೇ ಕೋಶಗಳ ತಳಿ ಇದೆ ಅಲ್ವಾ, ಎಲ್ಲಾ ಕಡೆ ಇರುತ್ತಲ್ಲ, ಅದಕ್ಕೆ ಸರಿಯಾಗಿ ಹೊಂದುತ್ತೆ. ಬೇಜಾರು ಮಾಡ್ಕೋಬೇಡಿ. ಎಷ್ಟೋ ಕಡೆ ಹೀಗಾಗುತ್ತೆ."

"ಆಗುತ್ತೆ," ಎಂದ. "ಥ್ಯಾಂಕ್ಸ್."

ಆ ಪೇಷಂಟ್ ತನ್ನ ಹೆಂಡತಿ ಎಂದು ಅವನು ಆಕೆಗೆ ಹೇಳಿರಲಿಲ್ಲ. ಈಗ ಹೇಳಿ ಪ್ರಯೋಜನವೂ ಇರಲಿಲ್ಲ. ಫೋನನ್ನು ಜೇಬಿಗೆ ಹಾಕಿ, ಮತ್ತೆ ತೆಗೆದು, ನಿಜವಾಗಿಯೂ ಕರೆ ಬಂದಿತ್ತೇ ಎಂದು ನೋಡಿದ. ಬಂದಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಡಸ್ಟರ್ ಕೈಗೆತ್ತಿಕೊಂಡು ತರಗತಿಗೆ ಹೋದ.

ಇವತ್ತಿನ ಪಾಠ ಬೇರೆ ಯಾವುದಾದರೂ ಆಗಬಾರದಿತ್ತೇ! ವಿಧಿ ಅನ್ನುವುದು ಕೆಲವೊಮ್ಮೆ ಟೈಂಟೇಬಲ್ ನೋಡಿಕೊಂಡೇ ಬರುತ್ತದೆ. ಬೋರ್ಡಿನ ಮೇಲೆ ಒಂದು ದೊಡ್ಡ ವೃತ್ತ ಬರೆದ, ಅದು ಕೋಶ. ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟ, ಅದು ವೈರಸ್.

"ಇದಕ್ಕೆ ಸ್ವಂತ ಮನೆಯಿಲ್ಲ, ಒಲೆಯಿಲ್ಲ, ಪಾತ್ರೆಯಿಲ್ಲ. ಕಂಡವರ ಮನೆಗೆ ನುಗ್ಗಿ, ಅವರ ಅಡುಗೆಮನೆಯಲ್ಲೇ ತನ್ನ ಮಕ್ಕಳು ಮರಿಗೆಲ್ಲ ಅಡುಗೆ ಮಾಡಿಸುತ್ತೆ. ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ."

ಹುಡುಗರು ನಕ್ಕರು. ಈ ಮಾತಿಗೆ ಪ್ರತಿ ವರ್ಷ ನಗುತ್ತಾರೆ. ಅವರು ಬೇರೆ ಹುಡುಗರು, ಇವನು ಅದೇ ಮನುಷ್ಯ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಕ್ಯಾನ್ಸರ್ ಮಾಡೋದ್ರಿಂದ ವೈರಸ್ಸಿಗೆ ಏನು ಲಾಭ ಸರ್?"

"ಏನೂ ಇಲ್ಲ."

"ಮತ್ಯಾಕೆ ಮಾಡುತ್ತೆ?"

"ಅದು ಮಾಡಲ್ಲ. ಆಗುತ್ತೆ." ಚುಕ್ಕೆಯನ್ನು ಒರೆಸಿ ವೃತ್ತದ ಒಳಗೆ ಒಂದು ಸಣ್ಣ ಗೀಟು ಎಳೆದ. "ಈ ವೈರಸ್ ಬಹಳ ಜನಕ್ಕೆ ಬರುತ್ತೆ. ಮೈಯೇ ಅದನ್ನ ಓಡಿಸುತ್ತೆ. ಕೆಲವರಲ್ಲಿ ಮಾತ್ರ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತೆ. ಒಂದಿನ ಅದರದೊಂದು ತುಂಡು ಕೋಶದ ಡಿಎನ್‌ಎ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಹೊಸ ವೈರಸ್ ಅಲ್ಲಿಂದ ಹೊರಗೆ ಬರಲ್ಲ, ಅದರ ವಂಶ ಅಲ್ಲಿಗೆ ಮುಗೀತು. ಆದ್ರೆ ಆ ತುಂಡು ಎರಡು ಪ್ರೋಟೀನ್ ಮಾಡ್ತಾ ಹೋಗುತ್ತೆ. ಒಂದು ಕೋಶದ ಕಾವಲುಗಾರನ್ನ ಮುಗಿಸುತ್ತೆ, ಇನ್ನೊಂದು ಬ್ರೇಕ್ ಕಿತ್ತುಹಾಕುತ್ತೆ. ಆಮೇಲೆ ಆ ಕೋಶಕ್ಕೆ ಸಾಯೋದು ಮರೆತುಹೋಗುತ್ತೆ. ಒಂದು ಎರಡಾಗೋದು, ಎರಡು ನಾಲ್ಕಾಗೋದು, ಅದೊಂದೇ ಗೊತ್ತು."

"ಪಾಪ," ಎಂದಳು ಹುಡುಗಿ. ಯಾರಿಗೆ ಪಾಪ ಎಂದಳೋ ಅವನಿಗೆ ತಿಳಿಯಲಿಲ್ಲ.

ಹೆಂಡತಿ ಪಾಪ ಎಂದಿರಲಿಲ್ಲ. ಗರ್ಭಕಂಠದ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ ದಿನ, ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಕೇಳಿದ್ದಳು: "ಇದು ನಂಗೆ ಎಲ್ಲಿಂದ ಬಂತು?" ಅವನು ಶುರು ಮಾಡಿದ್ದ. ಬಹಳ ಸಾಮಾನ್ಯವಾದ ವೈರಸ್, ಬಹಳ ಜನಕ್ಕೆ ಬರುತ್ತೆ, ಮೈಯೇ ಅದನ್ನ... "ನಾನು ನಿಮ್ಮ ಕ್ಲಾಸಲ್ಲಿ ಕೂತಿಲ್ಲ," ಎಂದು ಅವಳು ಒಳಗೆ ಹೋಗಿದ್ದಳು. ಆ ವೈರಸ್ ಹೇಗೆ ಹರಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಬಾಳಿನಲ್ಲಿ ಗಂಡಸು ಎಂದರೆ ಇವನೊಬ್ಬನೇ. ಇವನ ಬಾಳಿನಲ್ಲಿ, ಮದುವೆಗೆ ಮುಂಚೆ, ಬೇರೆಯವರಿದ್ದರು. ಅವಳು ಮತ್ತೆ ಕೇಳಲಿಲ್ಲ. ಅವನೂ ತುಟಿ ಪಿಟಕ್ಕೆನ್ನಲಿಲ್ಲ. ಕೇಳದ ಆ ಮಾತು ಮನೆಯೊಳಗೆ ಕೊನೆಯವರೆಗೂ ಇತ್ತು.

ಆಪರೇಷನ್ನಿನ ಹೊತ್ತಿಗೆ ಗಡ್ಡೆಯ ಒಂದು ಚೂರನ್ನು ಲ್ಯಾಬಿಗೆ ಕೊಡಲು ಅವಳ ಒಪ್ಪಿಗೆ ಕೇಳಿದ್ದ. ಅವಳು ನಕ್ಕಿದ್ದಳು. "ತಗೊಳ್ಳಿ. ನನ್ನ ನೋಡೋಕೆ ಪುರುಸೊತ್ತಿಲ್ಲ, ಗಡ್ಡೇನಾದ್ರೂ ನೋಡ್ಕೊಳ್ಳಿ."

ನೋಡಿಕೊಂಡ. ಹಾಗೆ ನೋಡಿದರೆ ಅದನ್ನೇ ನೋಡಿಕೊಂಡ. ಆಸ್ಪತ್ರೆಗೆ ದಿನಾ ಹೋಗುತ್ತಿದ್ದ, ಇಲ್ಲವೆನ್ನುವಂತಿಲ್ಲ. ಆದರೆ ಅವಳ ಕೋಣೆಯ ಬಾಗಿಲು ತೆರೆದು ಹಿಡಿದುಕೊಂಡು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಲ್ಲುತ್ತಿದ್ದ. ಏನಾದರೂ ಬೇಕಾ ಎಂದು ಕೇಳುತ್ತಿದ್ದ. ಔಷಧಿ ಶುರುವಾದ ಮೇಲೆ ಅವಳಿಗೆ ವಿಪರೀತ ಚಳಿ, ಬಿಸಿಲಲ್ಲೂ ಕಂಬಳಿ ಬೇಕು. ಕಾರಿಡಾರಿನ ಗಾಳಿ ನೇರ ಅವಳ ಮಂಚಕ್ಕೆ ಬೀಸುತ್ತಿತ್ತು. "ಒಳಗೆ ಬನ್ನಿ, ಇಲ್ಲ ಹೊರಗೆ ಹೋಗಿ," ಎಂದಿದ್ದಳು ಕೊನೆಗೊಂದು ದಿನ. "ಬಾಗಿಲು ಹಾಕಿ. ಚಳಿ." ಅವನು ಹೊರಗಿನಿಂದ ಬಾಗಿಲು ಹಾಕಿಕೊಂಡು ಲ್ಯಾಬಿಗೆ ಹೋಗಿದ್ದ. ಆಮೇಲೆ ಅವಳು ಅವನೊಂದಿಗೆ ಮಾತಾಡಲಿಲ್ಲ. ಮಾತಾಡುವ ಸ್ಥಿತಿಯೇ ಉಳಿಯಲಿಲ್ಲ.

ಪಾಠ ಮುಗಿಸಿ ಲ್ಯಾಬಿಗೆ ಬಂದಾಗ ಪಿಎಚ್‌ಡಿ ಹುಡುಗಿ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಆ ಕೋಶಗಳ ಮೇಲೆ ಲೇಖನ ಬರೆದವಳು ಅವಳು. ಯಾರ ಕೋಶ ಎಂದು ಸಾಬೀತು ಮಾಡಿ ಎಂದು ವಿಜ್ಞಾನ ಪತ್ರಿಕೆಯವರು ಪಟ್ಟು ಹಿಡಿದಿದ್ದರಿಂದ ಪರೀಕ್ಷೆಗೆ ಕಳಿಸಿದ್ದು. ಇಲ್ಲದಿದ್ದರೆ ಅವನು ಜನ್ಮದಲ್ಲಿ ಕಳಿಸುತ್ತಿರಲಿಲ್ಲ.

"ನಂಗೂ ಫೋನ್ ಮಾಡಿದ್ರು ಸರ್. ದೊಡ್ಡಮ್ಮನಂತೆ."

ದೊಡ್ಡಮ್ಮ ಎಂದರೆ ಆ ಹಳೆಯ ತಳಿ. ಎಷ್ಟೋ ದಶಕಗಳ ಹಿಂದೆ ಇದೇ ಕಾಯಿಲೆಯಲ್ಲಿ ಸತ್ತ ಯಾರೋ ಒಬ್ಬಳ ಕೋಶಗಳು. ಅವಳು ಸತ್ತರೂ ಅವು ಸಾಯಲಿಲ್ಲ. ಲ್ಯಾಬಿನಿಂದ ಲ್ಯಾಬಿಗೆ ಹಂಚಿಕೊಂಡು ಇಲ್ಲಿಗೂ ಬಂದಿದ್ದವು. ಕೊಟ್ಟದ್ದನ್ನೆಲ್ಲ ತಿಂದು, ಎಲ್ಲರಿಗಿಂತ ಮುಂಚೆ ಬೆಳೆಸುವ ಫ್ಲಾಸ್ಕ್ ತುಂಬಿ ಕೂರುತ್ತವೆ ಎಂದು ಹುಡುಗರು ಇಟ್ಟ ಹೆಸರು ಅದು.

"ಮೊದಲಿನದು ಫ್ರೀಜ್ ಮಾಡಿಟ್ಟಿದ್ದು ಏನಾದ್ರೂ ಇದೆಯಾ ಸರ್?"

"ಇಲ್ಲ. ಇದ್ದದ್ದೇ ಚೂರು. ಎಲ್ಲಾ ಬೆಳೆಸೋಕೆ ಹಾಕ್ಬಿಟ್ಟೆ."

"ಹಾಗಾದ್ರೆ..." ಅವಳು ಮುಖ ಬೇರೆ ಕಡೆ ತಿರುಗಿಸಿದಳು. "ಬ್ಲೀಚ್ ಕಲಸಿಟ್ಟಿದ್ದೀನಿ. ಬೆರಕೆ ಆದದ್ದನ್ನ ಇಟ್ಕೊಳ್ಳೋ ಹಾಗಿಲ್ಲ ಅಂತ ನೀವೇ ಹೇಳಿಕೊಟ್ಟಿದ್ದು. ನಾನೇ ಹಾಕ್ಬಿಡ್ಲಾ?"

"ಬೇಡ. ನಾನು ಹಾಕ್ತೀನಿ. ನೀನು ಮನೆಗೆ ಹೋಗು."

ಅವಳು ಹೋದಳು. ಬಕೆಟ್ಟಿನಿಂದ ಬ್ಲೀಚಿನ ವಾಸನೆ ಕೋಣೆ ತುಂಬ ಹರಡಿತ್ತು. ಅವನು ಕೂತು ಯೋಚಿಸಿದ. ಬೆರಕೆ ಆದದ್ದು ಎಲ್ಲಿ, ಯಾವಾಗ ಎಂದು ಬಹಳ ಹುಡುಕಬೇಕಾಗಿ ಬರಲಿಲ್ಲ.

ಹೆಂಡತಿ ಸತ್ತ ವಾರ. ಫ್ಲಾಸ್ಕಿನಲ್ಲಿ ಅವಳ ಕೋಶಗಳು ತಳ ಬಿಟ್ಟು ಒಂದೊಂದಾಗಿ ತೇಲತೊಡಗಿದ್ದವು. ತೇಲಿದರೆ ಸತ್ತವು ಎಂದೇ ಲೆಕ್ಕ. ಅವನು ಮನೆಗೆ ಬಂದ ನೆಂಟರನ್ನು ಅತ್ತೆಗೆ ಒಪ್ಪಿಸಿ ಇಲ್ಲಿ ಬಂದು ಕೂತಿರುತ್ತಿದ್ದ. ಒಮ್ಮೆಗೆ ಒಂದೇ ತಳಿ ಹೊರಗೆ ತೆಗೆಯಬೇಕು, ಒಂದೊಂದಕ್ಕೂ ಬೇರೆ ಬಾಟಲಿಯ ಮೀಡಿಯಂ, ಅಂದರೆ ಕೋಶಗಳಿಗೆ ಉಣಿಸುವ ದ್ರವ, ಬಳಸಬೇಕು: ಇದು ಲ್ಯಾಬಿಗೆ ಕಾಲಿಟ್ಟವರಿಗೆಲ್ಲ ಅವನು ಕಲಿಸುವ ಮೊದಲ ಪಾಠ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಆ ದಿನ ದೊಡ್ಡಮ್ಮನಿಗೆ ಹಾಕಿ ಉಳಿದ ಬಾಟಲಿ ಎದುರಿಗೇ ಇತ್ತು, ಹದವಾಗಿ ಬಿಸಿಯಾಗಿತ್ತು. ಅವಳಿಗೆಂದು ಫ್ರಿಜ್ಜಿನಿಂದ ತೆಗೆದ ಬಾಟಲಿ ಮುಟ್ಟಿದರೆ ಕೈ ಕೊರೆಯುತ್ತಿತ್ತು. ಅದು ಬಿಸಿಯಾಗುವವರೆಗೆ ಕಾಯಬೇಕಿತ್ತು. ಕಾಯಲು ಧೈರ್ಯವಿರಲಿಲ್ಲ, ತಣ್ಣಗಿನದನ್ನು ಅವಳಿಗೆ ಹಾಕಲು ಮನಸ್ಸೂ ಬರಲಿಲ್ಲ. ದೊಡ್ಡಮ್ಮನ ಬಾಟಲಿಯಿಂದಲೇ ಹಾಕಿದ.

ಇಡೀ ಸಂಸಾರದಲ್ಲಿ ಅವಳ ಚಳಿಯ ಬಗ್ಗೆ ಅವನು ಯೋಚಿಸಿದ್ದು ಅದೊಂದು ಸಲ.

ಆ ಬಾಟಲಿಯಲ್ಲಿ ಒಂದು ಕೋಶ ಇದ್ದಿರಬೇಕು, ಒಂದೇ ಸಾಕು. ಕೆಲವು ದಿನ ಕಳೆದ ಮೇಲೆ ಫ್ಲಾಸ್ಕಿನ ಮೂಲೆಯಲ್ಲಿ ಸಣ್ಣದೊಂದು ಗುಂಪು ಕಂಡಿತು, ಗಟ್ಟಿಯಾಗಿ ತಳ ಹಿಡಿದು ಬೆಳೆಯುತ್ತಿತ್ತು. ಅವನು ಮೈಕ್ರೋಸ್ಕೋಪಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಿದ್ದ. ಹೆಣದ ಮುಂದೆ ಬಾರದ ಅಳು ಅಲ್ಲಿ ಬಂದಿತ್ತು. ಮನೆಗೆ ಓಡಿ ಮಗಳನ್ನು ತಬ್ಬಿಕೊಂಡು, "ಅಮ್ಮ ಸ್ವಲ್ಪ ಉಳ್ಕೊಂಡಿದ್ದಾಳೆ ಕಣೇ," ಎಂದಿದ್ದ. ಹೆಂಡತಿ ಪೂರ್ತಿ ಸತ್ತದ್ದು ಆ ದಿನ ಎಂದು ಅವನಿಗೆ ಈಗ ಗೊತ್ತಾಗುತ್ತಿತ್ತು.

ಫೋನ್ ಬಂತು. ಅತ್ತೆ.

"ಅಳಿಯಂದಿರೇ, ಮಗು ಶಾಲೆಯಿಂದ ಬಂದದ್ದೇ ಹೊರಟಿದೆ. ಇವತ್ತು ತೋರಿಸ್ತೀನಿ ಅಂದಿದ್ರಂತಲ್ಲ?"

"ಇವತ್ತು ಬೇಡ ಅತ್ತೆ. ಸ್ವಲ್ಪ ಕೆಲಸ..."

"ಅಯ್ಯೋ, ಹೋದ್ಲಲ್ಲ ಆಗಲೇ! ತಲೆ ಬಾಚ್ಕೊಂಡು, ಅವಳಮ್ಮನ ಓಲೆ ಹಾಕ್ಕೊಂಡು ಹೋಗಿದ್ದಾಳೆ. ನಾನೇ ಹಾಕ್ಕೋ ಅಂದೆ. ಎರಡು ವರ್ಷದಿಂದ ಕೇಳ್ತಿದೆ ಅದು. ನೀವೂ ನಾಳೆ ನಾಡಿದ್ದು ಅಂತ ದಾಟಿಸ್ಕೊಂಡು ಬಂದ್ರಿ." ಅತ್ತೆ ದನಿ ತಗ್ಗಿಸಿದರು. "ನಂಗದೆಲ್ಲ ಅರ್ಥ ಆಗಲ್ಲಪ್ಪ. ಗಡ್ಡೆ ಅಂದ್ರೆ ಗಡ್ಡೆ, ಮಗಳು ಅಂದ್ರೆ ಮಗಳು. ಆದ್ರೂ... ಚೆನ್ನಾಗಿದೆಯಾ ಅದು?"

"ಚೆನ್ನಾಗಿದೆ," ಎಂದ.

ಮಗಳು ಬಂದಳು. ಹದಿಮೂರರ ಹುಡುಗಿ, ಓಲೆ ದೊಡ್ಡದಾಗಿ ಕಿವಿ ಜೋತಿತ್ತು. ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಏನಪ್ಪ ಇದು, ಬಚ್ಚಲು ತೊಳೆದ ವಾಸನೆ!" ಎಂದಳು.

"ಕ್ಲೀನಿಂಗ್," ಎಂದ. ಬಕೆಟ್ಟನ್ನು ಕಾಲಿನಿಂದ ಮೇಜಿನಡಿ ತಳ್ಳಿದ.

ಅವಳಿಗೆ ಬಿಳಿ ಕೋಟು ಹಾಕಿದ, ಗ್ಲೌಸ್ ಹಾಕಿದ. ಹೇಳಿಬಿಡಬೇಕು ಎಂದುಕೊಂಡ. ಗ್ಲೌಸ್ ಹಾಕಿದ ಮೇಲೆ ಹೇಳೋಣ ಎಂದುಕೊಂಡ. ಇನ್‌ಕ್ಯುಬೇಟರ್ ತೆರೆದು ಫ್ಲಾಸ್ಕನ್ನು ತಂದು ಮೈಕ್ರೋಸ್ಕೋಪಿನಡಿ ಇಟ್ಟ. ಈಗ ಹೇಳೋಣ ಎಂದುಕೊಂಡ.

"ಅಲ್ಲಿ ಯಾಕೆ ಅಷ್ಟು ಬೆಚ್ಚಗಿದೆ?"

"ಮೈಬಿಸಿ ಎಷ್ಟಿರುತ್ತೋ ಅಷ್ಟೇ ಇಡಬೇಕು. ಬಾಗಿಲು ತೆಗೆದೇ ಬಿಟ್ರೆ ಕೂಗಿಕೊಳ್ಳುತ್ತೆ."

"ಒಳ್ಳೇದಾಯ್ತು. ಅಮ್ಮನಿಗೆ ಚಳಿ ಆಗಲ್ಲ ಹಾಗಾದ್ರೆ." ಅವಳು ಕಣ್ಣಿಟ್ಟಳು. ಬಹಳ ಹೊತ್ತು ಹಾಗೇ ನೋಡಿದಳು. ಮನೆಯಲ್ಲಿ ಒಂದು ನಿಮಿಷ ಒಂದೆಡೆ ಕೂರದವಳು.

"ಎಷ್ಟೊಂದಿದೆ," ಎಂದಳು ಕೊನೆಗೆ, ಸಣ್ಣ ದನಿಯಲ್ಲಿ. "ಒಂದಕ್ಕೊಂದು ಅಂಟ್ಕೊಂಡಿವೆ. ಅಪ್ಪ, ಇಲ್ಲೊಂದು ಗುಂಡಗಾಯ್ತು."

"ಅದು ಎರಡಾಗುತ್ತೆ ಈಗ."

"ನೋವಾಗುತ್ತಾ?"

"ಇಲ್ಲ."

"ಅಪ್ಪ." ಅವಳು ತಲೆ ಎತ್ತಲಿಲ್ಲ. "ನಿಜ ಹೇಳು. ಇದು ಅಮ್ಮಾನೇ ತಾನೆ? ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿಲ್ಲ ತಾನೆ?"

ಇದೇ ಗಂಟಲು ಒಂದು ತಾಸಿನ ಪಾಠವನ್ನು ಎಡವದೆ ಹೇಳಿತ್ತು. ಇನ್ನೊಬ್ಬಳು ಹೀಗೆಯೇ ಒಂದು ಮಾತು ಕೇಳಿ, ಉತ್ತರ ಸಿಗದೆ, ಚಪ್ಪಲಿ ಬಿಚ್ಚದೆ ಒಳಗೆ ಹೋಗಿದ್ದಳು.

"ಹೂಂ," ಎಂದ.

"ನೀನು ಸ್ವಲ್ಪ ಆಚೆ ಹೋಗ್ತೀಯಾ?"

ಅವನು ಕಿಟಕಿಯ ಹತ್ತಿರ ಹೋಗಿ ನಿಂತ. ಹಿಂದಿನಿಂದ ಅವಳ ಪಿಸುಮಾತು ಕೇಳುತ್ತಿತ್ತು. ಗಣಿತದ ಟೀಚರ್ ಬಗ್ಗೆ ಏನೋ, ಗೆಳತಿಯೊಬ್ಬಳು ಮಾತು ಬಿಟ್ಟ ಬಗ್ಗೆ ಏನೋ. ಆಮೇಲೆ, "ಅಪ್ಪ ಈಗ ಸಾರಿಗೆ ಉಪ್ಪು ಸರಿಯಾಗಿ ಹಾಕ್ತಾರೆ," ಎಂದಳು. ಆಮೇಲೆ ಅವನಿಗೆ ಕೇಳಬಾರದೆಂದು ಇನ್ನೂ ಮೆಲ್ಲಗೆ ಏನೋ ಹೇಳಿದಳು, ಹೇಳುತ್ತಾ ಮೂಗು ಎಳೆದುಕೊಂಡಳು. ಯಾರ ಹತ್ತಿರವೂ ಹೇಳಿಕೊಳ್ಳದ ಮಾತುಗಳನ್ನು ಮಗು ಯಾರೋ ಗುರುತಿಲ್ಲದ ಹೆಂಗಸಿನ ಹತ್ತಿರ ಹೇಳಿಕೊಳ್ಳುತ್ತಿತ್ತು. ಆ ಹೆಂಗಸಿಗೂ ಮಕ್ಕಳಿದ್ದಿರಬಹುದು.

"ಊಟ ಯಾವಾಗ ಹಾಕೋದು ಇದಕ್ಕೆ?" ಮಗಳು ಕೂಗಿದಳು.

"ಇವತ್ತು."

"ನಾನು ಹಾಕ್ಲಾ?"

ಹಾಕಿಸಿದ. ಹೊಸ ಬಾಟಲಿ ತೆಗೆದು, ಬಿಸಿನೀರಿನಲ್ಲಿಟ್ಟು, ಹದವಾಗುವವರೆಗೆ ಕಾದ. ಇವತ್ತು ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಿದ. ಮಗಳ ಕೈಯ ಮೇಲೆ ಕೈಯಿಟ್ಟು ಪಿಪೆಟ್ ಹಿಡಿಸಿದ. ಹಳದಿಗೆ ತಿರುಗಿದ್ದ ಹಳೆಯದನ್ನು ತೆಗೆದು ಗುಲಾಬಿ ಬಣ್ಣದ ಹೊಸ ದ್ರವ ತುಂಬಿದರು. ಅವಳು ನಾಲಿಗೆ ಕಚ್ಚಿಕೊಂಡು, ಒಂದು ಹನಿ ಚೆಲ್ಲದೆ ಹಾಕಿದಳು. ಅವಳಮ್ಮ ಸೂಜಿಗೆ ದಾರ ಪೋಣಿಸುವಾಗ ಹಾಗೇ ನಾಲಿಗೆ ಕಚ್ಚುತ್ತಿದ್ದಳು. ಇಡೀ ಕೋಣೆಯಲ್ಲಿ ಅವಳದ್ದೆಂದು ಜೀವಂತ ಉಳಿದದ್ದು ಅಷ್ಟು. ಅದನ್ನು ನೋಡಲು ಮೈಕ್ರೋಸ್ಕೋಪ್ ಬೇಕಿರಲಿಲ್ಲ. ಅವನು ನೋಡಿದ, ನೋಡಲಾಗದೆ ಕಣ್ಣು ತಿರುಗಿಸಿಕೊಂಡ.

"ಮುಂದಿನ ವಾರಾನೂ ಬರ್ಲಾ ಅಪ್ಪ?"

"ಕೈ ತೊಳ್ಕೋ ಹೋಗು. ಸೋಪು ಹಾಕಿ."

ಅವಳು ಕಾರಿಡಾರಿನ ತುದಿಯ ನಲ್ಲಿಗೆ ಹೋದಳು. ಅವನು ಫ್ಲಾಸ್ಕ್ ಎತ್ತಿಕೊಂಡ. ಅಂಗೈಯಲ್ಲಿ ಅದು ಬೆಚ್ಚಗಿತ್ತು. ಕಾಲಿನಿಂದ ಬಕೆಟ್ಟನ್ನು ಮೇಜಿನಡಿಯಿಂದ ಎಳೆದ. ಇನ್ನೊಂದು ಕೈಯಿಂದ ಇನ್‌ಕ್ಯುಬೇಟರಿನ ಬಾಗಿಲು ತೆರೆದ. ಒಳಗಿನ ಬಿಸಿ ಗಾಳಿ ಮುಖಕ್ಕೆ ಬಡಿಯಿತು, ಕನ್ನಡಕ ಮಂಜಾಯಿತು. ಒಳಗೆ ಇಡಬೇಕು, ಇಲ್ಲ ಬಕೆಟ್ಟಿಗೆ ಹಾಕಬೇಕು. ಅವನು ಬಾಗಿಲು ಹಿಡಿದುಕೊಂಡು ನಿಂತ.

ಸ್ವಲ್ಪ ಹೊತ್ತಿಗೆ ಯಂತ್ರ ಕೂಗಿಕೊಳ್ಳತೊಡಗಿತು. ಕೆಂಪು ದೀಪ ಹೊತ್ತಿ ಆರಿ ಹೊತ್ತಿತು. ಒಳಗಿನ ಬಿಸಿಯೆಲ್ಲ ಕೋಣೆಗೆ ಸೋರಿಹೋಗುತ್ತಿತ್ತು.

"ಅಪ್ಪಾ," ನೀರಿನ ಸದ್ದಿನಾಚೆಯಿಂದ ಮಗಳು ಕೂಗಿದಳು. "ಬಾಗಿಲು ಹಾಕು. ಅಮ್ಮನಿಗೆ ಚಳಿ ಆಗುತ್ತೆ."

ಅವನ ಕನ್ನಡಕದ ಮಂಜು ನಿಧಾನವಾಗಿ ಆರುತ್ತಿತ್ತು. ಯಂತ್ರ ಕೂಗುತ್ತಲೇ ಇತ್ತು. ಅವನು ಬಾಗಿಲನ್ನು ಹಾಗೇ ಹಿಡಿದುಕೊಂಡು ನಿಂತೇ ಇದ್ದ.