ಅಟ್ಟದ ಮೇಲೆ ಉರುಳಿದ ಕಾಯಿ

ಇಲಿ ತೆಂಗಿನಕಾಯಿ ಉರುಳಿಸುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೇರಿಸಿದ ಕಾಯನ್ನು ಅದು ಕೆರೆಯಬಹುದು, ಕಚ್ಚಬಹುದು, ಅಷ್ಟೇ. ಬಿಳಿಗೆರೆಯಲ್ಲಿ ಕೊಬ್ಬರಿ ಅಟ್ಟದ ಕೆಳಗೇ ಹುಟ್ಟಿ ಬೆಳೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಎರಡು ಸಾವಿರದ ಒಂದನೇ ಇಸವಿಯ ಆಷಾಢದಲ್ಲಿ, ಒಬ್ಬರ ನಡುಮನೆಯಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತು, ಇಲಿಯೇ ಇರಬೇಕು ಎಂದು ನಾನೇ ಒಪ್ಪಿಕೊಂಡೆ.

ಆಗ ನನಗೆ ಇಪ್ಪತ್ತೆರಡು. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದವಳಿಗೆ ಸಿಕ್ಕಿದ ಮೊದಲ ಕೆಲಸ ಅದು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ನಮ್ಮ ಕಡೆ ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆ ಮಾಡುತ್ತಿದ್ದರು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳು ಯಾರ ಮನೆಯಲ್ಲಿ ಎಷ್ಟಿದ್ದಾರೆ, ಏನು ಕೆಲಸ ಮಾಡುತ್ತಾರೆ, ಏನು ತಿನ್ನುತ್ತಾರೆ, ಬೇಜಾರಾದರೆ ಯಾರ ಹತ್ತಿರ ಹೇಳಿಕೊಳ್ಳುತ್ತಾರೆ, ಎಲ್ಲವನ್ನೂ ಕೇಳಿ ಬರೆಯಬೇಕು. ಶಾಲೆ ಬಿಟ್ಟ ಮಕ್ಕಳು ಹತ್ತು ಜನ ಸಿಕ್ಕ ಊರಿಗೆ ಒಂದು ಕೇಂದ್ರ ಬರುತ್ತದೆ. ಒಬ್ಬರು ಟೀಚರು, ಮಧ್ಯಾಹ್ನದ ಊಟ, ವರ್ಷ ಕಳೆದ ಮೇಲೆ ದೊಡ್ಡ ಶಾಲೆಗೆ ಸೇರ್ಪಡೆ. ದಿಕ್ಕಿಲ್ಲದ ಮಕ್ಕಳಿಗೆ ಹಾಸ್ಟೆಲ್ಲು. ನಮ್ಮ ಮೇಲ್ವಿಚಾರಕರಾದ ಮೋಹನ್ ಕುಮಾರ್ ಸಾರ್ ಮೊದಲ ದಿನವೇ ಹೇಳಿದ್ದರು, "ಪ್ರಶ್ನೇನ ಫಾರಂನಲ್ಲಿ ಇದ್ದ ಹಾಗೇ ಗಟ್ಟಿಯಾಗಿ ಓದಿ. ಅವರು ಹೇಳಿದ್ದಷ್ಟೇ ಅಲ್ಲ, ನೀವು ಕಂಡಿದ್ದು, ಕೇಳಿದ್ದು ಎಲ್ಲಾ ಬರೀರಿ. ಸುಳ್ಳು ಬರೆದೋರನ್ನ ಅವತ್ತೇ ಮನೆಗೆ ಕಳಿಸ್ತೀನಿ."

ಗಟ್ಟಿಯಾಗಿ ಓದುವುದಕ್ಕೆ ನನಗೆ ಹೇಳಬೇಕೇ? ನನ್ನ ಜೊತೆಗಾರ್ತಿ ಶಾಹಿದಾ ಬೇಗಂ, ತಿಪಟೂರಿನ ಟೈಲರ್ ಮಗಳು, ಸದಾ ರೇಗಿಸುತ್ತಿದ್ದಳು. "ನಿನ್ ಗಂಟಲು ರೈಲ್ವೆ ಸ್ಟೇಷನ್‌ನಲ್ಲಿ ಇರಬೇಕಿತ್ತು ಕಣೇ, ಮೈಕು ಉಳೀತಿತ್ತು."

ಬಿಳಿಗೆರೆಯಿಂದ ಎರಡು ಮೈಲಿ ಒಳಗಿದ್ದ ಒಂದು ಪಾಳ್ಯಕ್ಕೆ ನಾವಿಬ್ಬರೂ ಹೋದೆವು. ಹದಿನಾಲ್ಕನೇ ಮನೆ ಮರುಳಪ್ಪನದು. ಅವನ ಹೆಂಡತಿ ಸಿದ್ದಮ್ಮ ನಮ್ಮಮ್ಮನ ಕಡೆಯಿಂದ ದೂರದ ನೆಂಟಳು, ನನಗೆ ಅತ್ತೆಯಾಗಬೇಕು. ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ನಡುಮನೆಯ ಮೇಲೆಯೇ ಅಟ್ಟ. ಮಳೆಗಾಲದ ಥಂಡಿಗೆ ಕಾಯಿ ಕೆಡದಿರಲೆಂದು ಮೂಲೆಯಲ್ಲಿ ತೆಂಗಿನ ಸಿಪ್ಪೆಯ ಹೊಗೆ ಹಾಕಿದ್ದರು.

ಮಕ್ಕಳೆಷ್ಟು ಎಂದೆ. ಇಬ್ಬರು ಗಂಡುಮಕ್ಕಳು, ಇಬ್ಬರೂ ಸ್ಕೂಲಿಗೆ ಹೋಗಿದ್ದಾರೆ ಎಂದಳು. ಬರೆದುಕೊಂಡು, ಮುಂದಿನ ಪ್ರಶ್ನೆಯನ್ನು ಎಂದಿನ ಗಂಟಲಿನಲ್ಲಿ ಓದಿದೆ.

"ಈ ಮನೆಯಲ್ಲಿ ಉಂಡು ಮಲಗುವ ಮಕ್ಕಳು ಬೇರೆ ಯಾರಾದರೂ ಇದ್ದಾರೆಯೇ?"

"ಯಾರೂ ಇಲ್ಲ ಕಣ್ ಮಗಾ," ಎಂದಳು ಸಿದ್ದಮ್ಮ.

ಮೇಲೆ ಒಂದು ಕಾಯಿ ಉರುಳಿತು. ಹಲಗೆಯ ಉದ್ದಕ್ಕೂ ನಿಧಾನವಾಗಿ ಉರುಳಿಕೊಂಡು ಹೋಗಿ ಗೋಡೆಗೆ ತಾಗಿ ನಿಂತಿತು. ಇನ್ನೊಂದು ಉರುಳಿತು. ಆಮೇಲೆ ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದಂಥ ಒಂದು ಸಣ್ಣ ಸದ್ದು.

ಶಾಹಿದಾ ತಲೆಯೆತ್ತಿದಳು.

"ಮ್ಯಾಲಕ್ ನೋಡ್‌ಬ್ಯಾಡ ಕಣವ್ವ, ಕಾಯಿ ಕೆಟ್ಟೋಯ್ತವೆ," ಎಂದು ಸಿದ್ದಮ್ಮ ಗಾಬರಿಯಿಂದ ಕೈ ಅಡ್ಡ ಹಿಡಿದಳು. "ಇಲಿ ಕಾಟ. ಬುಡು."

ನಮ್ಮ ಕಡೆ ಕೆಲವು ಮನೆಗಳಲ್ಲಿ ಹೀಗೊಂದು ನಂಬಿಕೆ. ಕಾಯಿ ಅಟ್ಟಕ್ಕೇರಿದ ಮೇಲೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ತನಕ ಹತ್ತು ಹನ್ನೊಂದು ತಿಂಗಳು ಹೊರಗಿನವರ ಕಣ್ಣು ಬೀಳಬಾರದು. ಬಂದವರು ಅಟ್ಟದ ಕಡೆ ನೋಡಿದರೆ ಅದು ಮರ್ಯಾದೆಗೇಡು. ನಮ್ಮಮ್ಮ ನನ್ನನ್ನು ಹಾಗೆಯೇ ಬೆಳೆಸಿದ್ದಳು. ನಾನು ಶಾಹಿದಾಳ ಮೊಣಕೈ ಹಿಡಿದು ಜಗ್ಗಿ, "ಇಲಿಯೇ ಕಣೇ, ಟೌನಿನವರಿಗೆ ಇದೆಲ್ಲ ಗೊತ್ತಾಗಲ್ಲ," ಎಂದೆ. ಎರಡು ಎಂದು ಬರೆದೆ. ಸಹಿ ಮಾಡಿದೆ. ಮಜ್ಜಿಗೆ ಚೆನ್ನಾಗಿತ್ತು ಅತ್ತೆ ಎಂದು ಬೇರೆ ಹೇಳಿ ಬಂದೆ.

ತೋಟದ ದಾರಿಯಲ್ಲಿ ಶಾಹಿದಾ ನಿಂತು ಕೇಳಿದಳು. "ಇಲಿ ಕೆಮ್ಮುತ್ತೇನೇ ಯೋಗಿತಾ?"

ನನಗೆ ಕೆಟ್ಟ ಸಿಟ್ಟು ಬಂತು. ನಮ್ಮ ನೆಂಟರ ಮನೆಯ ಮಾನ ಕಳೆಯಲು ನೀನು ಯಾರು ಎಂದುಬಿಟ್ಟೆ. ಅವಳು ಮುಂದೆ ನಡೆದುಬಿಟ್ಟಳು.

ವಾರದ ನಂತರ ತಿಪಟೂರಿನ ಆಫೀಸಿನಲ್ಲಿ ಮೋಹನ್ ಕುಮಾರ್ ಸಾರ್ ಒಂದೊಂದೇ ಊರಿನ ಲೆಕ್ಕ ಕೂಡಿಸಿದರು. ಪಾಳ್ಯದ ಹಾಳೆ ಬಂದಾಗ ಪೆನ್ನು ಕೆಳಗಿಟ್ಟರು. "ಶಾಲೆ ಬಿಟ್ಟೋರು ಒಂಬತ್ತು ಮಕ್ಕಳು. ಛೇ, ಒಂದೇ ಒಂದು ಕಮ್ಮಿ. ಇಲ್ಲಿಗೆ ಕೇಂದ್ರ ಕೊಡಕ್ಕಾಗಲ್ಲ ಕಣ್ರೀ."

ಶಾಹಿದಾ ನನ್ನ ಮುಖ ನೋಡಿದಳು. ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಆದರೆ ಫಾರಂ ಕೆಳಗೆ ನನ್ನ ಸಹಿ ಇತ್ತು, ಕೆಲಸ ಹೋಗುತ್ತದೆಂದು ಹೆದರಿದೆ. ನಾನು ಸುಮ್ಮನಿದ್ದೆ. ಅವಳೂ ನನಗೋಸ್ಕರ ಸುಮ್ಮನಿದ್ದಳು. ಅದಕ್ಕಾಗಿ ಅವಳು ನನ್ನನ್ನು ಕ್ಷಮಿಸಿದಂತೆ ಕಾಣಲಿಲ್ಲ.

ಆ ಕೇಂದ್ರ ಪಕ್ಕದ ಊರಿಗೆ ಹೋಯಿತು. ಶಾಹಿದಾ ಅಲ್ಲಿಯೇ ಟೀಚರಾಗಿ ಸೇರಿದಳು.

ನಾನು ದೆವ್ವ ಭೂತಕ್ಕೆ ಹೆದರುವವಳಲ್ಲ. ಆದರೆ ಆ ವರ್ಷದಿಂದ ನಮ್ಮ ಮನೆಯ ಅಟ್ಟದ ಕೆಳಗೆ ನನಗೆ ಕೂರಲಾಗುತ್ತಿರಲಿಲ್ಲ. ಹಾಡಹಗಲು, ಅಮ್ಮ ಅಲ್ಲೇ ಅಕ್ಕಿ ಆರಿಸುತ್ತಿರುವಾಗ, ಮೇಲೆ ಒಂದು ಕಾಯಿ ಉರುಳಿ ಗೋಡೆಗೆ ತಾಗುತ್ತಿತ್ತು. ಕೇಳಿಸ್ತಾ ಎಂದರೆ ಅಮ್ಮನಿಗೆ ಕೇಳಿಸಿರುತ್ತಿರಲಿಲ್ಲ. ಏಣಿ ಹಾಕಿ ನೋಡಿದೆ. ಕಾಯಿಗಳು ಇಟ್ಟ ಜಾಗದಲ್ಲೇ ಇದ್ದವು. ಒಂದು ದಿನ ಪಾಳ್ಯದ ತನಕ ಹೋದೆ. ಬೇಲಿಯ ಹತ್ತಿರ ನಾಯಿ ಬೊಗಳಿತು, ಅದನ್ನೇ ನೆಪ ಮಾಡಿಕೊಂಡು ವಾಪಸು ಬಂದೆ. ನಾಯಿಯನ್ನು ಕಟ್ಟಿಹಾಕಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಸಮೀಕ್ಷೆಯ ಎರಡನೇ ಸುತ್ತು ಬಂತು. ಮೊದಲ ಸುತ್ತಿನ ಮಕ್ಕಳು ಏನಾದರು ಎಂದು ನೋಡಬೇಕಿತ್ತು. ಶಾಹಿದಾಳ ಕೇಂದ್ರದ ಹನ್ನೊಂದು ಮಕ್ಕಳಲ್ಲಿ ಎಂಟು ಜನ ಹೈಸ್ಕೂಲಿನ ದಾರಿ ಹಿಡಿದಿದ್ದರು. ಆ ಹಾಳೆಯನ್ನು ಓದುವಾಗ ಸಂತೋಷಪಡಬೇಕಾದವಳು ಬಚ್ಚಲಿಗೆ ಹೋಗಿ ಅತ್ತೆ.

ಈ ಸುತ್ತಿನಲ್ಲಿ ಕೆಲಸದ ಜಾಗಗಳಿಗೂ ಹೋಗಬೇಕಿತ್ತು. ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಹಿಂದಿನ ಶೆಡ್ಡಿನಲ್ಲಿ ಏಳೆಂಟು ಹೆಂಗಸರು ಕೊಬ್ಬರಿಯನ್ನು ಗಾತ್ರ ನೋಡಿ ಬೇರೆ ಮಾಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, "ಇಲ್ಲಿ ಹದಿನಾಲ್ಕರ ಒಳಗಿನ ಮಕ್ಕಳು ಯಾರಾದರೂ ಇದ್ದಾರೆಯೇ?" ಎಂದು ಗಟ್ಟಿಯಾಗಿ ಕೇಳಿದೆ.

ಮೂಲೆಯಲ್ಲಿದ್ದ ಹುಡುಗಿಯ ಕೈ ನಿಂತುಹೋಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಆ ಸದ್ದು ನನಗೆ ಗೊತ್ತಿತ್ತು.

"ನೀವು ಮರುಳಪ್ಪಮಾವನ ಮನೆಗೆ ಬಂದಿದ್ರಿ ಅಲ್ವಾ ಅಕ್ಕ?" ಎಂದಳು. "ಮಕ ನೋಡಿಲ್ಲ. ದನಿ ಗೊತ್ತಾಯ್ತು."

ಹೆಸರು ಚಿಕ್ಕಗೌರಮ್ಮ. ಮರುಳಪ್ಪನ ಸತ್ತುಹೋದ ತಂಗಿಯ ಮಗಳು. ದನ ಮೇಯಿಸಲು, ಮುಸುರೆ ತಿಕ್ಕಲು ಇಟ್ಟುಕೊಂಡಿದ್ದರು. ಮಕ್ಕಳನ್ನು ದುಡಿಸಿಕೊಳ್ಳುವವರನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆಂದು ಯಾರೋ ಸುದ್ದಿ ಹಬ್ಬಿಸಿದ್ದರಂತೆ. ನಾವು ಬರುವುದು ಕಂಡು ಅವಳನ್ನು ಅಟ್ಟ ಹತ್ತಿಸಿ ಏಣಿ ತೆಗೆದಿದ್ದರು.

"ಬಾಯಿ ಬುಟ್ರೆ ಚರ್ಮ ಸುಲೀತೀನಿ ಅಂದಿದ್ರು ಅತ್ತೆ," ಎಂದಳು. "ಹೊಗೇಲಿ ಉಸಿರೇ ಕಟ್ಟೋಗಿತ್ತು. ನೀವು ಬ್ಯಾರೆ ಮಕ್ಳು ಅವ್ರಾ ಅಂತ ಕೇಳುದ್ರಿ. ಅದುಕ್ಕೇ ಕಾಯಿ ಉಳ್ಳುಸ್ದೆ. ಕೇಳುಸ್ಲಿಲ್ವೇನೋ ಅಂತ ಇನ್ನೊಂದು ಉಳ್ಳುಸ್ದೆ."

"ಕೇಳಿಸ್ತು," ಎಂದೆ. ಮೂರು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು.

ಅವಳು ನನ್ನನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಈಗ ಬರ್ಕತೀರಾ?"

ಹೆಸರು ಬರೆದೆ. ವಯಸ್ಸೆಷ್ಟು ಎಂದೆ.

"ಹದಿನೈದು ತುಂಬ್ತು."

ಫಾರಂ ಹದಿನಾಲ್ಕರ ತನಕ ಮಾತ್ರ. ಕೇಂದ್ರವೂ, ಹಾಸ್ಟೆಲ್ಲೂ ಅಷ್ಟೇ. ನಾನು ಸುತ್ತ ನೋಡಿ, ದನಿ ತಗ್ಗಿಸಿ, "ಹದಿಮೂರು ಅಂತ ಹಾಕ್ತೀನಿ ಕಣೇ ಗೌರಿ. ಯಾರಿಗೂ ಗೊತ್ತಾಗಲ್ಲ," ಎಂದೆ.

ಅವಳು ಒಂದು ಕೊಬ್ಬರಿ ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು.

"ಬ್ಯಾಡ ಕಣಕ್ಕ, ಸುಳ್ಳು ಬರೀಬ್ಯಾಡಿ," ಎಂದಳು. "ಅವತ್ತು ನಿಜ ಬರ್ದಿದ್ರೆ ಸಾಕಿತ್ತು."

ಅವತ್ತು ಸಂಜೆಯೇ ಮೋಹನ್ ಕುಮಾರ್ ಸಾರ್ ಎದುರು ಕೂತು ಹಳೆಯ ಫಾರಂ ತೆಗೆಸಿದೆ. ಹದಿನಾಲ್ಕನೇ ಮನೆ, ಮಕ್ಕಳು ಎರಡು ಎಂಬಲ್ಲಿ ಹೊಡೆದುಹಾಕಿ ಮೂರು ಎಂದು ಬರೆದೆ. ಪಕ್ಕದಲ್ಲಿ ತಿದ್ದಿದ ದಿನದ ತಾರೀಖು ಹಾಕಿ ಸಹಿ ಮಾಡಿದೆ. ಅವರು ನನ್ನ ಗುರುತಿನ ಚೀಟಿ ವಾಪಸು ಪಡೆದುಕೊಂಡರು. ಹೊಸ ಲೆಕ್ಕದಲ್ಲಿ ಹತ್ತು ತುಂಬಿದ್ದರಿಂದ ಮುಂದಿನ ವರ್ಷ ಪಾಳ್ಯಕ್ಕೆ ಕೇಂದ್ರ ಬಂತು. ಆ ಹೊತ್ತಿಗೆ ಮೊದಲಿನ ಒಂಬತ್ತರಲ್ಲಿ ಐದು ಮಕ್ಕಳಿಗೆ ವಯಸ್ಸು ಮೀರಿತ್ತು.

ಈಗ ನಮ್ಮ ಮನೆಯಲ್ಲಿ ಅಟ್ಟವಿಲ್ಲ, ತಾರಸಿ ಹಾಕಿಸಿದ್ದೇವೆ. ಆದರೂ ನಾನು ಯಾರಿಗಾದರೂ ಗಟ್ಟಿಯಾಗಿ ಒಂದು ಪ್ರಶ್ನೆ ಕೇಳಿದರೆ ಮೊದಲು ಮೇಲೆ ಕಾಯಿ ಉರುಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಉರುಳುತ್ತದೆ.