ಎಸೆಯುವ ಕೈ

“ಇದನ್ನ ಎಸೆಯೋದು ನೀನೊಬ್ಳೇ ಅಮ್ಮ. ಅಪ್ಪ ಬಂದು ಕೇಳಿದ್ರೂ ಕೊಡಲ್ಲ. ಪ್ರಾಮಿಸ್.”

ಮಗಳು ಈ ಮಾತು ಕೊಟ್ಟಾಗ ಇನ್ನೂ ಹಾಲುಹಲ್ಲು ಬಿದ್ದ ಸಂದಿಯಲ್ಲಿ ನಾಲಿಗೆ ಆಡಿಸುತ್ತಿದ್ದಳು. ಅವಳ ಅಪ್ಪ ನಮ್ಮನ್ನು ಬಿಟ್ಟು, ಊರಿನ ಆ ತುದಿಯಲ್ಲಿ ಬೋರ್ಡು ಬರೆಯುವ ಅಂಗಡಿ ಇಟ್ಟ ವರ್ಷ ಅದು. ಹೋಗುವಾಗ ತಾನು ಫೋಮ್ ಹಾಳೆ ಕತ್ತರಿಸಿ ಮಾಡಿದ್ದ ವಿಮಾನಗಳನ್ನೆಲ್ಲ ಹೊತ್ತುಕೊಂಡು ಹೋಗಿದ್ದರು. ಮಗಳು ಅಪ್ಪನಿಗಾಗಿ ಅತ್ತಳೋ ವಿಮಾನಕ್ಕಾಗಿ ಅತ್ತಳೋ, ಅಂತೂ ಕೊಯ್ ಎಂದು ವಾರಗಟ್ಟಲೆ ಅತ್ತಳು. ಕೆಳಮನೆಯ ಟೈಲರಮ್ಮ ಅವಳಿಗೆ ‘ಪಿಟೀಲು’ ಎಂದು ಹೆಸರಿಟ್ಟದ್ದು ಆಗಲೇ.

ನಾನು ಪಾರ್ಸೆಲ್ ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸದವಳು. ಡಬ್ಬ ಜಜ್ಜಿಹೋಗಿ ವಾಪಸು ಬಂದ ಸಾಮಾನನ್ನು ನಮಗೇ ಕಡಿಮೆ ಬೆಲೆಗೆ ಕೊಡುತ್ತಾರೆ. ಅದೇ ವರ್ಷ ಹಾಗೆ ಮನೆಗೆ ಬಂದದ್ದು ಈ ವಿಮಾನ. ಬಿಳಿ ಫೋಮಿನ ಮೈ, ಮೂತಿಗೆ ಪ್ರೊಪೆಲ್ಲರ್, ಹೊಟ್ಟೆಯಲ್ಲಿ ಬ್ಯಾಟರಿ. ಚಕ್ರ ಮಾತ್ರ ಇಲ್ಲ. ಒಬ್ಬರು ನಾಲ್ಕು ಹೆಜ್ಜೆ ಓಡಿ ಗಾಳಿಗೆದುರಾಗಿ ಎಸೆಯಬೇಕು, ಇನ್ನೊಬ್ಬರು ರಿಮೋಟ್ ಹಿಡಿದು ಅದನ್ನು ಮೇಲಕ್ಕೆತ್ತಬೇಕು. ಇಳಿಯುವಾಗ ಹುಲ್ಲಿನ ಮೇಲೆ ಹೊಟ್ಟೆ ಎಳೆದುಕೊಂಡು ನಿಲ್ಲುತ್ತದೆ. ಒಂದೇ ಕೈಯಲ್ಲಿ ಎಸೆದು ಇನ್ನೊಂದರಲ್ಲಿ ಹಾರಿಸುವ ಗಟ್ಟಿಗರೂ ಇದ್ದಾರಂತೆ. ಪಿಟೀಲು ಒಮ್ಮೆ ಹಾಗೆ ಮಾಡಲು ಹೋಗಿ, ಎಸೆಯುವ ಮೊದಲೇ ಕೈಜಾರಿಸಿ ಮೂತಿ ಮುರಿದು, ಆಮೇಲೆ ಆ ಸಾಹಸಕ್ಕೆ ಕೈಹಾಕಿರಲಿಲ್ಲ. ಆದ್ದರಿಂದ ನಮ್ಮ ಮನೆಯ ವಿಮಾನ ಹಾರಿದೆ ಎಂದರೆ ಅಲ್ಲಿ ಇಬ್ಬರಿದ್ದರು ಎಂದೇ ಅರ್ಥ.

ಈ ವರ್ಷ ಗೋಡೌನಿನಲ್ಲಿ ಆಳು ಕಡಿಮೆ, ಪಾರ್ಸೆಲ್ ಹೆಚ್ಚು. ಭಾನುವಾರಗಳೂ ಪಾಳಿಗೇ ಹೋದವು. ವಿಮಾನ ಫ್ರಿಜ್ಜಿನ ಮೇಲಿನ ಮೊಳೆಗೆ ನೇತುಬಿದ್ದಿತ್ತು. ಒಂದು ದಿನ ನೀರಿನ ಬಾಟಲಿ ತೆಗೆಯುತ್ತ ತಲೆಯೆತ್ತಿ ನೋಡಿದರೆ ಅದರ ಮೇಲೆ ಒಂದು ಚೂರೂ ಧೂಳಿಲ್ಲ. ಫ್ರಿಜ್ಜಿನ ತಲೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ವಿಮಾನ ಮಾತ್ರ ಮದುವಣಗಿತ್ತಿಯ ಹಾಗೆ.

ಇಳಿಸಿ ನೋಡಿದೆ. ಬ್ಯಾಟರಿ ಕೂರುವ ಗುಳಿಯನ್ನು ಯಾರೋ ಹಿಂದಕ್ಕೆ ಕೆತ್ತಿ ಉದ್ದ ಮಾಡಿದ್ದರು. ಹೊಟ್ಟೆಯಡಿ ಒಂದು ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಅದರಲ್ಲಿ ಎರಡು ತೂತು ಕೊರೆದಿದ್ದರು. ಇಷ್ಟೆಲ್ಲ ರಿಪೇರಿ ಆಗಿದ್ದರೂ ಹೊಟ್ಟೆಯ ಮೇಲೆ ಹುಲ್ಲಿನ ಹೊಸ ಹಸಿರು ಕಲೆಯಿಲ್ಲ, ಹೊಸ ಗೀರಿಲ್ಲ. ಹಾಗಾದರೆ ವಿಮಾನ ನೆಲಕ್ಕೇ ಇಳಿಯುತ್ತಿಲ್ಲ. ಯಾರೋ ಎಸೆಯುತ್ತಾರೆ, ಅವರೇ ಕೈಯಲ್ಲಿ ಹಿಡಿಯುತ್ತಾರೆ.

ಇಳಿದು ಬರುವ ವಿಮಾನವನ್ನು ಎದೆಯ ಮಟ್ಟದಲ್ಲಿ ಗಪ್ಪನೆ ಹಿಡಿಯುವ ಒಬ್ಬರನ್ನು ನಾನು ಬಲ್ಲೆ. ಮದುವೆಯಾದ ಹೊಸತರಲ್ಲಿ ಚಪ್ಪಾಳೆ ತಟ್ಟಿದವಳೂ ನಾನೇ.

ಆಮೇಲೆ ಕಣ್ಣಿಗೆ ಬಿದ್ದದ್ದು ಟೇಪು. ಬ್ಯಾಟರಿ ವೈರಿಗೆ ಸುತ್ತಿದ ಕಪ್ಪು ಟೇಪಿನ ಕೊನೆಯನ್ನು ಚಿಕ್ಕದಾಗಿ ಒಳಕ್ಕೆ ಮಡಚಲಾಗಿತ್ತು, ಮುಂದೆ ಬಿಚ್ಚುವಾಗ ಉಗುರು ಹಾಕಿ ಕೆರೆಯಬಾರದೆಂದು. ಅದು ಅವರ ಕೈಚಳಕ. ಮನೆಯ ಒಂದೊಂದು ವೈರಿಗೂ ಹಾಗೇ ಸುತ್ತುತ್ತಿದ್ದರು. ವಿಮಾನವನ್ನು ಮತ್ತೆ ಮೊಳೆಗೆ ಸಿಕ್ಕಿಸಿದೆ. ಹಿಂದಿನ ವಾರವಷ್ಟೇ ನಾದಿನಿ ಫೋನ್ ಮಾಡಿ, “ಅತ್ತಿಗೆ, ಅಣ್ಣ ಕೇಳ್ತಿದಾನೆ. ಈ ಪರೀಕ್ಷೆ ಮುಗೀಲಿ, ಆಮೇಲೆ ಹುಡುಗಿ ಯಾರ ಹತ್ರ ಇರ್ತೀನಿ ಅಂತ ಅವಳೇ ಹೇಳ್ಲಿ ಅಂತ. ನೀವೂ ಹೂಂ ಅಂದಿದ್ರಂತಲ್ಲ,” ಎಂದಿದ್ದಳು. ಹೂಂ ಅಂದಿದ್ದೆ, ನಿಜ. ಅವಳು ನನ್ನನ್ನು ಬಿಟ್ಟು ಹೋಗುವುದಿಲ್ಲ ಎಂಬ ಧೈರ್ಯದಲ್ಲಿ.

ರಾತ್ರಿ ಊಟಕ್ಕೆ ಕೂತಾಗ ಸುಮ್ಮನೆ ಕೇಳಿದೆ, “ವಿಮಾನ ಹಾರಿಸಿದ್ಯಾ?”

“ಯಾರು, ನಾನಾ?”

“ಇಲ್ಲ, ಫ್ರಿಜ್ಜು.”

“ಸುಮ್ನೆ ಒರೆಸಿಟ್ಟೆ ಅಮ್ಮ,” ಎಂದು ತಟ್ಟೆ ಎತ್ತಿಕೊಂಡು ಎದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಹೋಗುವ ದಾರಿಯಲ್ಲಿ ತನ್ನ ಶಾಲೆಯ ಬ್ಯಾಗನ್ನು ಕಾಲಲ್ಲಿ ಮಂಚದ ಕೆಳಕ್ಕೆ ತಳ್ಳಿದಳು. ಒಳಗೆ ಏನೋ ಲೋಹ ಟಣ್ ಎಂದಿತು.

ಬ್ಯಾಗು ತೆರೆದು ನೋಡಬಹುದಿತ್ತು. ನೋಡಲಿಲ್ಲ. ಮಕ್ಕಳ ಬ್ಯಾಗಿಗೆ ಕೈಹಾಕುವ ತಾಯಿ ನಾನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಏನು ಸಿಕ್ಕಿಬಿಡುತ್ತದೋ ಎಂಬ ಭಯ.

ಟೈಲರಮ್ಮ ಅದಕ್ಕೆ ಉಪ್ಪು ಖಾರ ಹಚ್ಚಿದಳು. ಬ್ಲೌಸಿನ ಹೊಲಿಗೆ ಬಿಚ್ಚುತ್ತ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, “ಶನಿವಾರ ಮಧ್ಯಾಹ್ನ ಆಯ್ತು ಅಂದ್ರೆ ನಿನ್ನ ಪಿಟೀಲು ಆ ಮುಚ್ಚಿದ ಫ್ಯಾಕ್ಟರಿ ಕಡೆ ಹೊರಡ್ತಾಳೆ ಕಣಮ್ಮ. ಬಗಲಲ್ಲಿ ವಿಮಾನ. ಅಲ್ಲಿ ಒಬ್ಬ ಗಂಡಸು, ತಲೆಗೆ ಟೋಪಿ. ನಾನೇನೂ ಹೇಳ್ತಿಲ್ಲಪ್ಪ,” ಎಂದಳು.

“ಹೇಳೋದೆಲ್ಲ ಹೇಳಿ ಆಯ್ತಲ್ಲ.”

“ನೋಡಿದ್ದು ಹೇಳಿದೆ. ಹೊಲಿಯೋಳು ನಾನು, ಹರಿಯೋಳಲ್ಲ.”

ನನ್ನ ಮಗಳ ಅಪ್ಪನೂ ಟೋಪಿಯಿಲ್ಲದೆ ಬಿಸಿಲಿಗೆ ಕಾಲಿಟ್ಟವರಲ್ಲ.

ಶನಿವಾರ ಗೋಡೌನಿನ ಸೂಪರ್‌ವೈಸರನಿಗೆ ಹಲ್ಲುನೋವು ಎಂದು ಸುಳ್ಳು ಹೇಳಿ ಬೇಗ ಹೊರಟೆ. “ಯಾವ ಹಲ್ಲಕ್ಕಾ?” ಎಂದ. “ನಿನ್ನ ಮೇಲೆ ಕಡಿಯೋ ಹಲ್ಲು,” ಎಂದೆ. ನಕ್ಕು ಬಿಟ್ಟ.

ಫ್ಯಾಕ್ಟರಿಯ ಹಿಂದಿನ ಗೋಡೆ ಒಂದು ಕಡೆ ಕುಸಿದಿತ್ತು. ಅದರ ಮರೆಯಲ್ಲಿ ನಿಂತೆ. ಲಾರಿಗಳು ನಿಲ್ಲುತ್ತಿದ್ದ ಸಿಮೆಂಟಿನ ಅಂಗಳ ಬಿಸಿಲಿಗೆ ಹೊಳೆಯುತ್ತಿತ್ತು. ಗೇಟಿನ ಹತ್ತಿರ, ಬೆನ್ನು ನನ್ನ ಕಡೆ ಮಾಡಿ, ಟೋಪಿ ಹಾಕಿದ ಗಂಡಸೊಬ್ಬ ಕುರ್ಚಿಯಲ್ಲಿ ಕೂತಿದ್ದ. ಪಿಟೀಲು ಬಂದಳು. ಆತ ಏನೋ ಹೇಳಿದ, ಅವಳು ನಕ್ಕಳು. ಆತ ಎದ್ದು ವಿಮಾನದ ಕಡೆ ಕೈಚಾಚಿದ.

ಅವಳು ವಿಮಾನವನ್ನು ಹಿಂದಕ್ಕೆಳೆದುಕೊಂಡು ತಲೆಯಾಡಿಸಿದಳು.

ಆತ ತಿರುಗಿ ಕೂತಾಗ ಮುಖ ಕಂಡಿತು. ಬಿಳಿ ಮೀಸೆಯ ವಾಚ್‌ಮನ್.

ಪಿಟೀಲು ಬ್ಯಾಗು ತೆರೆದು ಬಗ್ಗಿಸಿದ ಉಕ್ಕಿನ ಕಂಬಿಯೊಂದನ್ನು ತೆಗೆದಳು. ಅದರ ತುದಿಗಳಲ್ಲಿ ಎರಡು ಪುಟ್ಟ ಚಕ್ರಗಳು. ವಿಮಾನವನ್ನು ಬೋರಲು ಮಾಡಿ ಹೊಟ್ಟೆಯ ಎರಡು ತೂತುಗಳಿಗೆ ಕಂಬಿಯನ್ನು ಒತ್ತಿದಳು. ಆಮೇಲೆ ಎರಡು ಬೆರಳ ತುದಿಯಲ್ಲಿ ರೆಕ್ಕೆಯಡಿ ಎತ್ತಿ ತೂಗಿ, ಚಕ್ರದ ಭಾರಕ್ಕೆ ಮೂತಿ ಕೆಳಗಾದದ್ದು ನೋಡಿ, ಬ್ಯಾಟರಿಯನ್ನು ಹಿಂದಕ್ಕೆ ಸರಿಸಿದಳು. ಗುಳಿ ಕೆತ್ತಿದ್ದು ಅದಕ್ಕೆ. ವಿಮಾನವನ್ನು ಸಿಮೆಂಟಿನ ಮೇಲೆ ನಿಲ್ಲಿಸಿ ರಿಮೋಟ್ ಹಿಡಿದು ದೂರ ನಿಂತಳು. ಅದು ಕುಣಿಯುತ್ತ ಓಡಿ, ಒಮ್ಮೆ ವಾಲಿ, ನೆಲ ಬಿಟ್ಟು ಎದ್ದಿತು.

ಯಾರೂ ಎಸೆಯಲಿಲ್ಲ. ಹಿಡಿಯಲೂ ಯಾರೂ ನಿಂತಿರಲಿಲ್ಲ.

ನಾನು ಮರೆಯಿಂದ ಹೊರಬಂದದ್ದು ಅವಳಿಗೆ ಕಂಡಿತು. ಬೆರಳು ತಪ್ಪಿತು. ವಿಮಾನ ಅಡ್ಡಾದಿಡ್ಡಿ ಬಂದು ಸಿಮೆಂಟಿಗೆ ಬಡಿಯಿತು. ಒಂದು ಚಕ್ರ ಕಳಚಿ ಉರುಳುತ್ತ ಹೋಗಿ ವಾಚ್‌ಮನ್ನನ ಕುರ್ಚಿಯಡಿ ಮಲಗಿತು.

“ಅಮ್ಮಾ! ಕೆಲಸ ಇರ್ಲಿಲ್ವಾ?” ಎಂದು ವಿಮಾನ ಎತ್ತಿಕೊಂಡಳು.

“ಚಕ್ರ ಯಾರು ಮಾಡಿಕೊಟ್ರು?”

“ನಾನೇ. ವಿಡಿಯೋ ನೋಡಿ. ಕೊಡೆ ಕಡ್ಡಿ ಅದು.”

“ಅದಕ್ಕೇನಾ ಕೊಡೆ ಕುಂಟ್ತಾ ಇರೋದು? ಸರಿ, ಈ ಟೇಪು? ಹೀಗೆ ಕೊನೆ ಮಡಚೋದು ನಿಮ್ಮಪ್ಪ. ನನಗೆ ಗೊತ್ತಿಲ್ವಾ?”

ಅವಳು ನನ್ನನ್ನೇ ಪಿಳಿಪಿಳಿ ನೋಡಿದಳು. “ಅಪ್ಪನಾ? ಅಮ್ಮ, ನೀನು ಮಡಚ್ತೀಯ. ಸಕ್ಕರೆ ಪ್ಯಾಕೆಟ್ಟು, ನನ್ನ ಬುಕ್ಕಿನ ಬೈಂಡು, ಎಲ್ಲಾನೂ. ನಿನ್ನ ನೋಡಿ ಕಲಿತಿದ್ದು.”

ನನ್ನ ಕೆಲಸದ ಅಂಗಿಯ ಜೇಬಿಗೆ ಸಿಕ್ಕಿಸಿದ್ದ ಗೋಡೌನಿನ ಟೇಪಿನ ಸುರುಳಿಯನ್ನು ಮುಟ್ಟಿ ನೋಡಿದೆ. ಕೊನೆ ಮಡಚಿತ್ತು. ದಿನವಿಡೀ ಡಬ್ಬಗಳಿಗೆ ಟೇಪು ಹಚ್ಚುವ ನನ್ನ ಕೈಗೆ ಅದು ಎಂದು ಅಂಟಿಕೊಂಡಿತೋ, ನನಗೇ ಗೊತ್ತಿರಲಿಲ್ಲ.

ಆದರೂ ಸಂಶಯ ಅಷ್ಟು ಸುಲಭಕ್ಕೆ ಏಳುವ ನೆಂಟನಲ್ಲ. “ಅವರು ಇಲ್ಲಿಗೆ ಬಂದೇ ಇಲ್ವಾ?”

ಅವಳು ಚಕ್ರದ ಕಂಬಿಯನ್ನು ತಿರುಗಿಸುತ್ತ ನಿಂತಳು. “ಬಂದಿದ್ರು. ಒಂದ್ಸಲ.”

ಅಂದುಕೊಂಡದ್ದು ಅರ್ಧ ನಿಜವಾಗಿತ್ತು.

“ಎಸಿತೀನಿ ಕೊಡು ಅಂದ್ರು. ಕೊಡಲ್ಲ ಅಂದೆ. ಬಂದು ನನ್ನ ಜೊತೆ ಇರು ಅಂದ್ರು. ಅಮ್ಮನ ಹತ್ರಾನೇ ಇರ್ತೀನಿ ಅಂದೆ. ಬೇಜಾರು ಮಾಡ್ಕೊಂಡು ಹೋದ್ರು.”

“ನನಗ್ಯಾಕೆ ಹೇಳ್ಲಿಲ್ಲ?”

“ಇಲ್ಲಿಗೆ ಒಬ್ಳೇ ಬರೋದು ಗೊತ್ತಾದ್ರೆ ಬಿಡ್ತಿದ್ಯಾ? ಇನ್ನು ನಿನ್ನ ಹತ್ರ ಇರ್ತೀನಿ ಅನ್ನೋದು... ಅದ್ರಲ್ಲಿ ಹೇಳೋಕೇನಿದೆ ಅಮ್ಮ?” ದನಿ ತಗ್ಗಿಸಿ, “ನೀನು ಬರ್ತಿದ್ರೆ ಚಕ್ರ ಯಾಕೆ ಬೇಕಿತ್ತು?” ಎಂದಳು.

ವಾಚ್‌ಮನ್ ಕಳಚಿದ ಚಕ್ರ ಹಿಡಿದು ಬಂದ. “ತಗೊಳ್ಳಿ ತಾಯಿ. ಪ್ರತಿ ವಾರ ಕೇಳ್ತೀನಿ, ಒಂದ್ಸಲ ಎಸಿತೀನಿ ಕೊಡು ಮಗಳೇ ಅಂತ. ಫ್ಯಾಕ್ಟರಿ ಬೀಗದ ಕೈ ನಂಬಿ ಕೊಟ್ಟಿದಾರೆ ನನಗೆ. ನಿಮ್ಮ ಹುಡುಗಿ ಈ ಬೆಂಡಿನ ಹಕ್ಕಿ ಕೊಡಲ್ಲ.”

ಕಂಬಿ ಸೊಟ್ಟಗಾಗಿತ್ತು. ಇನ್ನು ಅದು ಓಡುವಂತಿರಲಿಲ್ಲ. ಪಿಟೀಲು ಅದನ್ನು ಕಿತ್ತು, ಬ್ಯಾಟರಿಯನ್ನು ಮುಂದಕ್ಕೆ ಸರಿಸಿ, ವಿಮಾನವನ್ನು ನನ್ನ ಕೈಗಿಟ್ಟಳು. ನಾನು ಗೇಟಿನಾಚೆಯ ರಸ್ತೆಯನ್ನು ಒಮ್ಮೆ ನೋಡಿದೆ. ಖಾಲಿಯಿತ್ತು. ಮತ್ತೊಮ್ಮೆ ನೋಡಿದೆ.

“ಅಲ್ಲೇನು ನೋಡ್ತೀಯ? ಗಾಳಿ ಈ ಕಡೆಯಿಂದ,” ಎಂದಳು. “ಮೂತಿ ಸ್ವಲ್ಪ ಮೇಲೆ.”

ಓಡಿ ಎಸೆದೆ.

ಇಷ್ಟು ವರ್ಷಗಳಲ್ಲಿ ನನ್ನ ಕೈ ಬಿಟ್ಟು ಬೇರೆ ಯಾರ ಕೈಯೂ ಆ ವಿಮಾನವನ್ನು ಎಸೆದಿರಲಿಲ್ಲ. ಮಗಳು ಕೊಟ್ಟ ಮಾತು ಉಳಿಸಿಕೊಂಡಿದ್ದಳು.